ಹಗ್ಗ ಬಿಚ್ಚುವ ಮೊದಲು



ಪರೀಕ್ಷೆಗಳು ಮುಗಿದಿವೆ. ಫಲಿತಾಂಶಕ್ಕೆ ಇನ್ನೂ ಕೆಲವು ವಾರಗಳಿವೆ. ಈ ನಡುವಿನ ದಿನಗಳಲ್ಲಿ ನಾಲ್ಕಾರು ಗೆಳೆಯರು ಒಂದೆಡೆ ಸೇರಿದರೆ ಹುಟ್ಟುವ ಯೋಜನೆಗಳಲ್ಲಿ ಒಂದು, ‘ಎಲ್ಲಾದರೂ ನೀರಿರುವ ಕಡೆ ಹೋಗೋಣ, ದೋಣಿ ಹತ್ತೋಣ’ ಎಂಬುದು. ಹೋಗಿ, ಖಂಡಿತ ಹೋಗಿ. ಬೇಡ ಎನ್ನುವುದಕ್ಕೆ ನಿಮ್ಮ ಮನೆಯಲ್ಲಿಯೇ ಸಾಕಷ್ಟು ಜನರಿದ್ದಾರೆ. ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಲು ನಾನು ಬಂದಿಲ್ಲ. ನಾನು ಮಾತನಾಡಬೇಕೆಂದಿರುವುದು ಆ ವಿಹಾರದ ಮೊದಲ ಅರ್ಧ ಗಂಟೆಯ ಬಗ್ಗೆ. ನೀವು ದಡದ ಮೇಲಿದ್ದೀರಿ, ದೋಣಿಯ ಹಗ್ಗ ಇನ್ನೂ ಬಿಚ್ಚಿಲ್ಲ. ನೀರಿನ ಮೇಲೆ ಮುಂದೆ ಏನಾಗುತ್ತದೆ ಎಂಬುದರ ಬಹುಪಾಲು ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತದೆ ಎಂದು ನನ್ನ ಅಭಿಪ್ರಾಯ.

ಮಾತು ಗಾಳಿಯಲ್ಲಿ ತೇಲಬಾರದು, ಆದ್ದರಿಂದ ಒಂದು ಸ್ಥಳವನ್ನು ಇಟ್ಟುಕೊಂಡು ನೋಡೋಣ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿರುವ ಶರಾವತಿಯ ಹಿನ್ನೀರು. ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಹೊನ್ನೆಮರಡು ಬಹಳ ದೂರವೇನಲ್ಲ. ಹರಿಗೋಲು, ಕಯಾಕ್ ಮೊದಲಾದವುಗಳಲ್ಲಿ ನೀರಿಗಿಳಿಯಲು ಎಷ್ಟೋ ವಿದ್ಯಾರ್ಥಿ ತಂಡಗಳು ಅಲ್ಲಿಗೆ ಹೋಗಿ ಬಂದಿವೆ. ನೋಡುವುದಕ್ಕೆ ಅದೊಂದು ಮಹಾ ಸರೋವರ. ನಡುನಡುವೆ ಹಸಿರು ನಡುಗಡ್ಡೆಗಳು, ಸುತ್ತ ಬೆಟ್ಟದ ಸಾಲು. ಆದರೆ ನಿಜವಾಗಿ ಅದು ಸರೋವರವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ನೀರು ತುಂಬಿಕೊಂಡ ಕಣಿವೆ. ನೀವು ನಡುಗಡ್ಡೆ ಎನ್ನುವುದು ಒಂದು ಗುಡ್ಡದ ನೆತ್ತಿ. ನಿಮ್ಮ ದೋಣಿಯ ಕೆಳಗೆ ಒಂದು ಕಾಲಕ್ಕೆ ಅಡಿಕೆ ತೋಟ, ಗದ್ದೆ, ಮನೆ, ದೇವಸ್ಥಾನಗಳಿದ್ದವು. ಅಲ್ಲಿದ್ದವರು ಎದ್ದು ಬೇರೆಡೆಗೆ ಹೋಗಬೇಕಾಯಿತು. ರಾಜ್ಯಕ್ಕೆ ಬೆಳಕು ಬಂದದ್ದು ಹಾಗೆ.

ಇನ್ನೊಂದು ವಿಷಯವನ್ನೂ ನೀವು ತಿಳಿದಿರಬೇಕು. ನಮಗೆ ನಿಮಗೆ ದೋಣಿ ಎಂದರೆ ವಿಹಾರ. ಹಿನ್ನೀರಿನ ಆಚೆ ದಡದ ತುಮರಿ, ಕರೂರು ಭಾಗದ ಜನರಿಗೆ 2025ರವರೆಗೂ ಲಾಂಚು ಎಂದರೆ ದಿನನಿತ್ಯದ ಬಸ್ಸಾಗಿತ್ತು. ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಎಲ್ಲಕ್ಕೂ ಅದೇ ಆಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಷ್ಟು ದಶಕ ಲಾಂಚನ್ನು ಕಾದು ಬದುಕಿದ ಜನ ನೀರಿನ ಬಗ್ಗೆ ಏನಾದರೂ ಹೇಳಿದರೆ, ಎರಡು ದಿನಕ್ಕೆ ಬಂದ ನಾವು ಕೇಳಿಕೊಳ್ಳುವುದು ಒಳ್ಳೆಯದು.

ಈಗ ದಡಕ್ಕೆ ಬರೋಣ. ಬೇಸಿಗೆಯಲ್ಲಿ ನೀವು ಕಾಣುವ ದಡ ಮಳೆಗಾಲದ ದಡವಲ್ಲ. ವಿದ್ಯುತ್ತಿಗಾಗಿ ನೀರು ಹರಿದು ಹೋಗುತ್ತ ಏಪ್ರಿಲ್, ಮೇ ಹೊತ್ತಿಗೆ ಮಟ್ಟ ಹತ್ತಾರು ಅಡಿ ಇಳಿದಿರುತ್ತದೆ. ಬಹಳ ಇಳಿದ ವರ್ಷಗಳಲ್ಲಿ ಲಿಂಗನಮಕ್ಕಿಗಿಂತ ಹಿಂದೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ನೀರಿನೊಳಗಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ; ಮಳೆ ಬಂದರೆ ಮತ್ತೆ ಮುಳುಗುತ್ತದೆ. ಅಣೆಕಟ್ಟೇ ಹೀಗೆ ಎದ್ದು ಬರುವಾಗ ಮರದ ಬೊಡ್ಡೆಗಳ ಮಾತೇನು? ಮುಳುಗಿದ ಕಾಡಿನ ಬೊಡ್ಡೆಗಳು ಇಷ್ಟು ವರ್ಷವಾದರೂ ಏಕೆ ಕೊಳೆತು ಹೋಗಿಲ್ಲ ಎಂದು ನೀವು ಕೇಳಬಹುದು. ಮರವನ್ನು ತಿಂದು ಕೊಳೆಸುವ ಶಿಲೀಂಧ್ರಗಳಿಗೆ ಆಮ್ಲಜನಕ ಬೇಕು. ಸದಾ ನೀರಿನಲ್ಲಿ ಮುಳುಗಿದ ಮರಕ್ಕೆ ಅದು ಸಾಕಷ್ಟು ಸಿಗುವುದಿಲ್ಲ, ಹಾಗಾಗಿ ಗಟ್ಟಿ ಜಾತಿಯ ಮರ ದಶಕಗಳ ಕಾಲ ಹಾಗೆಯೇ ನಿಂತಿರುತ್ತದೆ. ಮಳೆಗಾಲದಲ್ಲಿ ಮೂವತ್ತು ಅಡಿ ಆಳದಲ್ಲಿದ್ದ ಬೊಡ್ಡೆ ಮೇ ತಿಂಗಳಲ್ಲಿ ಅರ್ಧ ಅಡಿ ಕೆಳಗಿರಬಹುದು. ಮೇಲಿನಿಂದ ನೋಡಿದರೆ ಬರೀ ನೀರು. ಯಾವ ದಾರಿಯಲ್ಲಿ ಬೊಡ್ಡೆಗಳಿಲ್ಲ ಎಂಬುದು ಈ ವಾರ ಅಲ್ಲಿ ದೋಣಿ ನಡೆಸಿದವರಿಗೆ ಮಾತ್ರ ಗೊತ್ತು. ಹೋದ ವರ್ಷ ಬಂದಿದ್ದ ನಿಮ್ಮ ಅಣ್ಣನ ಗೆಳೆಯನಿಗೆ ಗೊತ್ತಿರುವುದಿಲ್ಲ.

ನೀರಿಳಿದ ದಡಕ್ಕೆ ಇನ್ನೊಂದು ಗುಣವಿದೆ. ಅದು ಗುಡ್ಡದ ಇಳಿಜಾರು. ಸಮುದ್ರತೀರದ ಹಾಗೆ ನಿಧಾನವಾಗಿ ಆಳವಾಗುತ್ತದೆಂಬ ಭರವಸೆ ಇಲ್ಲ. ಒಂದು ಹೆಜ್ಜೆ ಮೊಣಕಾಲಿನವರೆಗೆ, ಮುಂದಿನ ಹೆಜ್ಜೆ ತಲೆಯ ಮೇಲೆ. ಮೇಲೆ ಗಟ್ಟಿಯಾಗಿ ಒಣಗಿದಂತೆ ಕಾಣುವ ಕೆಸರು ಕಾಲಿಟ್ಟರೆ ತೊಡೆಯವರೆಗೆ ಎಳೆದುಕೊಳ್ಳಬಹುದು. ದೋಣಿ ಬರುವ ಮೊದಲೇ, ‘ಸ್ವಲ್ಪ ಕಾಲು ತೊಳೆದು ಬರುತ್ತೇನೆ’ ಎಂದು ಹೋಗುವ ಗೆಳೆಯನ ಮೇಲೆ ಒಂದು ಕಣ್ಣಿರಲಿ.

ಎರಡನೆಯದು ಗಾಳಿ. ಬೆಳಗ್ಗೆ ಆರು ಗಂಟೆಗೆ ಆ ನೀರನ್ನು ನೋಡಬೇಕು! ಕನ್ನಡಿ. ನಡುಗಡ್ಡೆಯ ಮರಗಳೆಲ್ಲ ತಲೆಕೆಳಗಾಗಿ ಅದರಲ್ಲಿ ನಿಂತಿರುತ್ತವೆ. ಆದರೆ ಆ ಕನ್ನಡಿ ಇಡೀ ದಿನದ್ದಲ್ಲ. ವಿಶಿಷ್ಟೋಷ್ಣದ ಪಾಠ ನೆನಪಿದೆಯೇ? ಒಂದೇ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ, ಮೇಲ್ಪದರದ ಗಾಳಿಯೂ ಕಲಸಿಕೊಂಡು ಕೆಳಗಿಳಿಯುತ್ತದೆ. ಹನ್ನೊಂದು, ಹನ್ನೆರಡು ಗಂಟೆಯ ಹೊತ್ತಿಗೆ ನೀರಿನ ಮೇಲೆ ಅಲೆ ಏಳತೊಡಗುತ್ತದೆ.

ಊರ ಕೆರೆಯಲ್ಲಿ ಈಜಿದವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲೆ ಎಷ್ಟು ದೊಡ್ಡದಾಗುತ್ತದೆ ಎಂಬುದು ಗಾಳಿಯ ವೇಗವನ್ನು ಮಾತ್ರ ಅವಲಂಬಿಸಿಲ್ಲ. ಗಾಳಿ ಎಷ್ಟು ಹೊತ್ತು ಬೀಸಿತು, ಅಡ್ಡಿಯಿಲ್ಲದೆ ನೀರಿನ ಮೇಲೆ ಎಷ್ಟು ದೂರ ಓಡಿತು ಎಂಬುದೂ ಮುಖ್ಯ. ಅರ್ಧ ಕಿಲೋಮೀಟರಿನ ಕೆರೆಯಲ್ಲಿ ಕಿರುಅಲೆ ಎಬ್ಬಿಸುವ ಅದೇ ಗಾಳಿ, ಹಲವು ಕಿಲೋಮೀಟರ್ ತೆರೆದ ನೀರಿನ ಮೇಲೆ ಓಡಿ ಬಂದಾಗ ದೋಣಿಯ ಅಂಚನ್ನು ದಾಟುವ ಅಲೆಯನ್ನು ತರುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಹರಿಗೋಲಿಗಂತೂ ದುಂಡು ತಳ, ನೇರ ಹೋಗುವ ಸ್ವಭಾವವೇ ಇಲ್ಲ. ಗಾಳಿ ಹಿಡಿಯಿತೆಂದರೆ ಮುತ್ತುಗದ ಎಲೆಯ ಹಾಗೆ ತಿರುಗುತ್ತ ಹೋಗುತ್ತದೆ.

ದಡದಿಂದ ನೀರಿನ ಕಡೆಗೆ ಬೀಸುವ ಗಾಳಿ ಬಹಳ ಮೋಸದ್ದು. ನಿಮ್ಮ ಬೆನ್ನ ಹಿಂದೆ ಗುಡ್ಡವಿದೆ, ಅದರ ಮರೆಯಲ್ಲಿ ನಿಮ್ಮ ಕಾಲ ಬಳಿಯ ನೀರು ಶಾಂತವಾಗಿಯೇ ಇರುತ್ತದೆ. ಹೊರಡುವಾಗ ದೋಣಿ ತಾನಾಗಿ ಸಾಗುತ್ತದೆ. ‘ಅರೆ, ಎಷ್ಟು ಸುಲಭ!’ ಎನಿಸುತ್ತದೆ. ಗುಡ್ಡದ ಮರೆ ದಾಟಿದ ಮೇಲೆ ಗೊತ್ತಾಗುತ್ತದೆ, ಸುಲಭ ಮಾಡಿಕೊಟ್ಟದ್ದು ನಿಮ್ಮ ತೋಳಲ್ಲ, ಗಾಳಿ ಎಂದು. ಹಿಂತಿರುಗುವಾಗ ದಣಿದ ತೋಳಿನಲ್ಲಿ ಅದೇ ಗಾಳಿಗೆ ಎದುರಾಗಿ ಹುಟ್ಟು ಹಾಕಬೇಕು. ಆದ್ದರಿಂದ ಹಗ್ಗ ಬಿಚ್ಚುವ ಮೊದಲು ಕಾಲ ಬಳಿಯ ನೀರನ್ನಲ್ಲ, ದೂರದ ನೀರನ್ನು ನೋಡಿ. ಅಲ್ಲಿ ಕಪ್ಪು ಪಟ್ಟಿಗಳು ಕಂಡರೆ ಅಲ್ಲಿ ಗಾಳಿ ನೀರನ್ನು ಕೆದಕುತ್ತಿದೆ. ಬಿಳಿ ನೊರೆಯ ತಲೆಗಳು ಕಂಡರೆ ಗಂಟೆಗೆ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ವೇಗದ ಗಾಳಿ ಇದೆ. ಸಣ್ಣ ದೋಣಿಯ ಕೆಲಸ ಅಂದಿಗೆ ಮುಗಿಯಿತು. ಮೆಲುಗಾಳಿಯಿದ್ದರೆ ಹೋಗುವಾಗ ಅದಕ್ಕೆ ಎದುರಾಗಿ, ಬರುವಾಗ ಅದರ ಜೊತೆಗೆ ಎಂಬಂತೆ ದಾರಿ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಹೊರಟು ಹತ್ತೂವರೆ, ಹನ್ನೊಂದರೊಳಗೆ ದಡ ಸೇರುವುದು ಎಲ್ಲಕ್ಕಿಂತ ಸರಳ.

ಬೇಸಿಗೆಯ ಗಾಳಿಗೆ ಗುಡುಗಿನ ನೆಂಟಸ್ತಿಕೆಯೂ ಇದೆ. ಅಶ್ವಿನಿ, ಭರಣಿ ಮಳೆಗಳ ಕಾಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಒಂದು ಗಂಟೆಯಲ್ಲಿ ಆಕಾಶ ಬೇರೆಯೇ ಆಗಿರುತ್ತದೆ. ತೆರೆದ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿದ್ದರೆ ಮಿಂಚು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಎಂಬ ಲೆಕ್ಕ ನಿಮಗೆ ಗೊತ್ತು. ಆದರೆ ನೀರಿನ ಮೇಲೆ ಲೆಕ್ಕ ಹಾಕುತ್ತ ಕೂರಬೇಡಿ. ಗುಡುಗು ಕೇಳಿಸಿತೆಂದರೆ ದಡಕ್ಕೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಇದೆ, ಹಿಂದಿನ ರಾತ್ರಿಯೇ ಹಾಕಿಕೊಳ್ಳಿ, ಹಿನ್ನೀರಿನಲ್ಲಿ ಎಲ್ಲ ಕಡೆ ಸಂಪರ್ಕ ಸಿಗುವುದಿಲ್ಲ. ಟಿ.ವಿ. ವಾರ್ತೆಯ ಕೊನೆಯಲ್ಲಿ ನಾವು ಹವಾಮಾನ ವರದಿಯನ್ನೂ ಕೊಡುತ್ತೇವೆ. ಅದು ಬರುವ ಹೊತ್ತಿಗೆ ನೀವು ಚಾನೆಲ್ ಬದಲಾಯಿಸಿರುತ್ತೀರಿ ಎಂಬುದೂ ನಮಗೆ ತಿಳಿದಿದೆ!

ಮೂರನೆಯದು ಭಾರ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ನಮ್ಮ ತಂಡ ಹಿನ್ನೀರಿಗೆ ಹೋಗಿತ್ತು. ಕ್ಯಾಮೆರಾ, ಟ್ರೈಪಾಡ್, ಬ್ಯಾಟರಿ ಪೆಟ್ಟಿಗೆ, ಮೇಲೆ ಆರು ಜನ. ದೋಣಿಯವರು ನಮ್ಮನ್ನೆಲ್ಲ ಇಳಿಸಿ, ಭಾರದ ಪೆಟ್ಟಿಗೆಗಳನ್ನು ತಳದ ನಡುವೆ ಇಟ್ಟು, ಇಬ್ಬರನ್ನು ದಡದಲ್ಲಿಯೇ ಉಳಿಸಿ, ಮಿಕ್ಕವರನ್ನು ಒಬ್ಬೊಬ್ಬರಾಗಿ ಎದುರುಬದುರು ಕೂರಿಸಿದರು. ಕ್ಯಾಮೆರಾಮನ್ ನಿಂತು ಚಿತ್ರ ತೆಗೆಯುತ್ತೇನೆಂದರು. ‘ಕೂತ್ಕಂಡು ತೆಗೀರಿ ಸಾರ್, ನಿಂತ್ಕಂಡೇ ತೆಗೀಬೇಕು ಅಂದ್ರೆ ದಡದ ಮೇಲಿಂದ ತೆಗೀರಿ’ ಎಂದು ಉತ್ತರ ಬಂತು. ನಾನು ಬಿ.ಎಸ್‌ಸಿ.ಯಲ್ಲಿ ಒಂದು ಇಡೀ ಅಧ್ಯಾಯವಾಗಿ ಓದಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದ್ದರು.

ಆ ಅಧ್ಯಾಯ ಇಷ್ಟೇ. ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಪ್ಪಟೆ ತಳದ ದೋಣಿ ಎಂದುಕೊಳ್ಳಿ. ಅರವತ್ತು ಕಿಲೋ ತೂಗುವ ಒಬ್ಬರು ಹತ್ತಿದರೆ ಅರವತ್ತು ಲೀಟರ್ ನೀರು ಸರಿಯಬೇಕು. ದೋಣಿ ಒಂದೂವರೆ ಸೆಂಟಿಮೀಟರ್ ಇಳಿಯುತ್ತದೆ. ಏನು ಮಹಾ? ಆದರೆ ಹತ್ತು ಜನರಿಗೆ ಹದಿನೈದು ಸೆಂಟಿಮೀಟರ್, ಒಂದು ಗೇಣಿಗೆ ಸ್ವಲ್ಪ ಕಡಿಮೆ. ದೋಣಿಯ ಅಂಚು ನೀರಿನಿಂದ ಎರಡು ಗೇಣು ಮೇಲಿದ್ದದ್ದು ಈಗ ಒಂದು ಗೇಣಿನ ಆಸುಪಾಸಿಗೆ ಬಂತು. ಗೇಣುದ್ದದ ಅಲೆಯೊಂದು ಬಂದರೆ ಸಾಕು, ನೀರು ಒಳಗೆ. ಒಳಗೆ ಬಂದ ನೀರು ಸುಮ್ಮನೆ ಕೂರುವುದಿಲ್ಲ, ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ.

ಇನ್ನು ಸಮತೋಲ. ಕೂತವರ ಗುರುತ್ವಕೇಂದ್ರ ಕೆಳಗಿರುತ್ತದೆ. ದೋಣಿ ಸ್ವಲ್ಪ ವಾಲಿದಾಗ ಮುಳುಗಿದ ಬದಿಯ ನೀರು ಅದನ್ನು ಹಿಂದಕ್ಕೆ ತಳ್ಳಿ ನೇರ ಮಾಡುತ್ತದೆ. ಎಲ್ಲರೂ ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆ. ಒಂದು ಮಿತಿಯ ನಂತರ ನೇರ ಮಾಡಬೇಕಾದ ಬಲವೇ ಕವುಚುವ ಬಲವಾಗುತ್ತದೆ. ಎಲ್ಲರೂ ಒಂದೇ ಬದಿಗೆ ಸರಿದರಂತೂ ಕೇಳುವುದೇ ಬೇಡ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಪೆರಿಯಾರ್ ಸರೋವರದಲ್ಲಿ ಎರಡಂತಸ್ತಿನ ವಿಹಾರ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿದ್ದ ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದು ಬದಿಗೆ ಸರಿದರು ಎಂದು ಆಗಿನ ವರದಿಗಳು ಹೇಳಿದವು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. ಸತ್ತವರು 14, ಅವರಲ್ಲಿ 12 ಮಂದಿ ಮಕ್ಕಳು, ಇಬ್ಬರು ಶಿಕ್ಷಕಿಯರು. ಅದು ಊರ ನಡುವಿನ ಕೆರೆ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ, ಹಲವು ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ. ಇಂಥ ಕಡೆ ದೋಣಿಯವರನ್ನು, ವ್ಯವಸ್ಥೆ ಮಾಡಿದವರನ್ನು ಕೇಳುವುದು ನ್ಯಾಯವೇ. ಆದರೆ ದಡದಲ್ಲಿ ನಿಂತ ನಿಮಗೂ ಎಣಿಸಲು ಬರುತ್ತದೆಯಲ್ಲ? ದೋಣಿಗೆ ಎಷ್ಟು ಜನ ಎಂದು ಕೇಳಿ, ಎಣಿಸಿ. ‘ಇನ್ನೊಬ್ಬರು ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ಬಸ್ಸಿಗೆ ಸರಿ. ನೀರು ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ.

ಜಾಕೆಟ್ಟಿನ ವಿಷಯ ಬಂತು. ಅರವತ್ತು ಕಿಲೋ ದೇಹವನ್ನು ಐದು ಕಿಲೋ ಎತ್ತುವ ಜಾಕೆಟ್ ಹೇಗೆ ಹಿಡಿದೀತು ಎಂದು ಹಲವರಿಗೆ ಅನುಮಾನ. ಒಳ್ಳೆಯ ಅನುಮಾನ. ನಮ್ಮ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಶ್ವಾಸಕೋಶ ತುಂಬಿದ್ದರೆ ನಾವು ಹೇಗೋ ತೇಲುತ್ತೇವೆ. ಆದರೆ ಮೂಗು, ಬಾಯಿ ನೀರಿನಿಂದ ಮೇಲಿರುವಷ್ಟು ಅಲ್ಲ. ಜಾಕೆಟ್ ಎತ್ತಬೇಕಾದದ್ದು ಇಡೀ ದೇಹವನ್ನಲ್ಲ, ಬರೀ ತಲೆಯನ್ನು. ಅದಕ್ಕೆ 50 ನ್ಯೂಟನ್, ಅಂದರೆ ಐದು ಕಿಲೋ ಎತ್ತುವಷ್ಟು ಬಲ ಸಾಕು. ಈಜು ಬಾರದವರಿಗೆ ಕತ್ತಿನ ಹಿಂದೆ ಕಾಲರ್ ಇರುವ 100 ನ್ಯೂಟನ್‌ನದು ಮೇಲು. ಯಾವುದಾದರೂ ಸರಿ, ಎಲ್ಲ ಪಟ್ಟಿಗಳನ್ನೂ ಬಿಗಿದಿರಬೇಕು. ಗೆಳೆಯರು ಒಬ್ಬರ ಭುಜದ ಪಟ್ಟಿಯನ್ನು ಇನ್ನೊಬ್ಬರು ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ. ಸೀಟಿನ ಕೆಳಗೆ ಮಡಚಿಟ್ಟ ಜಾಕೆಟ್, ಫೋಟೋ ಮುಗಿದ ಮೇಲೆ ಬಿಚ್ಚಿದ ಜಾಕೆಟ್, ಇವೆರಡೂ ಇಲ್ಲದ ಜಾಕೆಟ್ಟಿಗೆ ಸಮ. ದೋಣಿ ಮಗುಚಿದ ಮೇಲೆ ಅದನ್ನು ನೀರಿನಲ್ಲಿ ತೊಟ್ಟುಕೊಳ್ಳಲು ಆಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಪಠ್ಯಪುಸ್ತಕದಲ್ಲಿಯೂ ಸಿಗಬಹುದು. ನನಗೆ ಹೆಚ್ಚು ಮುಖ್ಯವೆನಿಸುವ ವಿಷಯ ಪುಸ್ತಕದಲ್ಲಿಲ್ಲ.

ನಿಮ್ಮ ಗುಂಪಿನಲ್ಲಿ ಆರು ಜನರಿದ್ದಾರೆ. ಅವರಲ್ಲಿ ಒಬ್ಬನಿಗೋ ಒಬ್ಬಳಿಗೋ ಈಜು ಬರುವುದಿಲ್ಲ, ಹೆಚ್ಚಾಗಿ ಇಬ್ಬರು ಮೂವರಿಗೆ. ಹುಡುಗಿಯರಿಗೆ ಈಜು ಕಲಿಸಬೇಕೆಂದು ನಮ್ಮ ಎಷ್ಟು ಮನೆಗಳಲ್ಲಿ ಯೋಚಿಸಿದ್ದಾರೆ ಹೇಳಿ? ಈಜು ಬಾರದ ಆ ಗೆಳೆಯ ಅದನ್ನು ಹೇಳುವುದಿಲ್ಲ. ಬಸ್ಸಿನಲ್ಲಿ ಎಲ್ಲರ ಜೊತೆ ಹಾಡಿಕೊಂಡು ಬಂದಿದ್ದಾನೆ, ದುಡ್ಡು ಕೊಟ್ಟಿದ್ದಾನೆ, ಈಗ ದಡದಲ್ಲಿ ನಿಂತು ‘ನನಗೆ ಭಯ’ ಎನ್ನುವುದು ಹೇಗೆ? ‘ಏಯ್, ಹೆದ್ರಿಕೊಂಡ್ಯಾ?’ ಎಂದು ಯಾರೋ ನಗುತ್ತಾರೆ. ಅವನೂ ನಗುತ್ತಾನೆ, ದೋಣಿ ಹತ್ತುತ್ತಾನೆ. ದೋಣಿ ತುಸು ವಾಲಿದಾಗ ಮೊದಲು ಎದ್ದು ನಿಲ್ಲುವವನು ಅವನೇ. ಅದು ಅವನ ತಪ್ಪಲ್ಲ. ಹೇಳಲು ಅವನಿಗೆ ನಾವು ಜಾಗ ಬಿಟ್ಟಿರಲಿಲ್ಲ.

ಆದ್ದರಿಂದ ದಡದಲ್ಲಿ ಎಲ್ಲರೂ ಒಂದು ಸುತ್ತಾಗಿ ನಿಂತು ಎರಡು ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರ ಹೇಳಿ. ಈಜು ಬರುತ್ತದೆಯೇ? ಇವತ್ತು ಮೈ ಸರಿಯಿದೆಯೇ? ಮೂರ್ಛೆ, ಆಸ್ತಮಾ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಎರಡನೆಯ ಪ್ರಶ್ನೆಯೊಳಗೆ ಬರುತ್ತವೆ. ಗುಂಪಿನ ಗಟ್ಟಿಗ ಅಥವಾ ಗಟ್ಟಿಗಿತ್ತಿ ಎನಿಸಿಕೊಂಡವರು ಮೊದಲು ಉತ್ತರಿಸಲಿ, ಆಗ ಉಳಿದವರಿಗೆ ಬಾಯಿ ಬರುತ್ತದೆ. ಜೊತೆಗೆ ಒಂದು ಕರಾರು: ಯಾರಾದರೂ ಒಬ್ಬರು ‘ಇವತ್ತು ಬೇಡ’ ಎಂದರೆ ದೋಣಿ ಹೊರಡುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಇದು ಅತಿಯಾಯಿತು ಎಂದು ನಿಮಗೆ ಅನಿಸಬಹುದು. ಈ ಕರಾರನ್ನು ಊರಿನಿಂದ ಹೊರಡುವಾಗಲೇ ಮಾಡಿಕೊಂಡ ಗುಂಪಿನಲ್ಲಿ ಅದನ್ನು ಬಳಸುವ ಸಂದರ್ಭ ಕಡಿಮೆ. ಬೇಡ ಎನ್ನಬಹುದು ಎಂದು ಗೊತ್ತಿದ್ದವರಿಗೆ ಭಯವೂ ಕಡಿಮೆ.

ಇನ್ನೊಂದು ಮಾತನ್ನೂ ಅಲ್ಲಿಯೇ ಆಡಿಕೊಳ್ಳಬೇಕು: ಯಾರಾದರೂ ನೀರಿಗೆ ಬಿದ್ದರೆ ಏನು ಮಾಡುವುದು? ನಮ್ಮ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಪ್ರತಿ ಬೇಸಿಗೆಯ ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ: ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ, ಅವನನ್ನು ಹಿಡಿಯಲು ಹೋಗಿ ಮತ್ತೊಬ್ಬ. ಮುಳುಗುತ್ತಿರುವವರು ಕೈಗೆ ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾರೆ. ಅದು ಗೆಳೆಯನ ಕುತ್ತಿಗೆಯಾದರೂ ಸರಿ. ಹಾಗಾಗಿ ಹಾರಬೇಡಿ. ಹುಟ್ಟು ಚಾಚಿ, ಹಗ್ಗ ಎಸೆಯಿರಿ. ಐದು ಲೀಟರಿನ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದು ಹಗ್ಗ ಕಟ್ಟಿಟ್ಟುಕೊಂಡರೆ ಅದಕ್ಕೆ ಸುಮಾರು ಐದು ಕಿಲೋ ಎತ್ತುವ ಬಲವಿದೆ. ಆಗಲೇ ಜಾಕೆಟ್ಟಿನ ಲೆಕ್ಕ ನೋಡಿದಿರಲ್ಲ, ಅಷ್ಟೇ! ದೋಣಿಯೇ ಮಗುಚಿದರೆ ದೋಣಿಯನ್ನು ಬಿಟ್ಟು ಹೋಗಬೇಡಿ. ಮರದ ದೋಣಿ ಕವುಚಿದರೂ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ನೀರಿನ ಮೇಲೆ ದೂರ ಅಳೆಯಲು ನಡುವೆ ಮರವಿಲ್ಲ, ಮನೆಯಿಲ್ಲ. ಹಾಗಾಗಿ ದಡ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಈಜು ಬಲ್ಲವರೇ ಅದಕ್ಕೆ ಮೋಸಹೋಗುವುದು ಹೆಚ್ಚು.

ಉಳಿದವು ಸಣ್ಣ ಸಂಗತಿಗಳು. ಹಿನ್ನೀರಿನ ಒಂದು ಭಾಗ ಅಭಯಾರಣ್ಯಕ್ಕೆ ಸೇರಿದೆ, ನಡುಗಡ್ಡೆಯಲ್ಲಿ ಉಳಿಯುವ ಆಸೆಯಿದ್ದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ. ಕುಡಿಯುವ ನೀರು, ಟೋಪಿ, ಸೀಟಿ ಇರಲಿ. ಒಂದು ಹಾಳೆಯ ಮೇಲೆ ಎಲ್ಲರ ಹೆಸರು, ಯಾವ ಕಡೆಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಬರೆದು ದಡದಲ್ಲಿ ಉಳಿಯುವ ಯಾರಿಗಾದರೂ ಕೊಡಿ. ಬಂದ ಮೇಲೆ ಮರೆಯದೆ ಹೋಗಿ ಹೇಳಿ, ಇಲ್ಲದಿದ್ದರೆ ಅವರು ಸುಮ್ಮನೆ ನಿಮ್ಮನ್ನು ಹುಡುಕಲು ಹೊರಟಾರು.

ಇನ್ನು ಹತ್ತುವ ಕ್ರಮ. ದೋಣಿಯವರು ಮೊದಲು ಹತ್ತಿ ಹುಟ್ಟು ಹಿಡಿದು ಕೂತಿರಲಿ. ನೀವು ಒಬ್ಬೊಬ್ಬರಾಗಿ, ಬಗ್ಗಿ, ಅಂಚಿನ ಮೇಲಲ್ಲ, ದೋಣಿಯ ನಡುವಿಗೆ ಕಾಲಿಡಿ. ಒಬ್ಬರು ಕೂತ ಮೇಲೆ ಇನ್ನೊಬ್ಬರು, ಒಮ್ಮೆ ಆ ಬದಿಗೆ, ಒಮ್ಮೆ ಈ ಬದಿಗೆ. ಹಗ್ಗ ಬಿಚ್ಚುವವರು ಕೊನೆಗೆ ಹತ್ತಬೇಕು. ಬಿಚ್ಚುವ ಮೊದಲು ಅವರು ದಡದ ಮೇಲಿನಿಂದಲೇ ದೋಣಿಯೊಳಗಿನ ತಲೆಗಳನ್ನು ಎಣಿಸಿ, ತಮ್ಮದನ್ನೂ ಸೇರಿಸಿ, ಗಟ್ಟಿಯಾಗಿ ಹೇಳಲಿ. ಸಂಖ್ಯೆ ಹಾಳೆಯಲ್ಲಿ ಬರೆದದ್ದಕ್ಕೆ ಸರಿಹೊಂದಿದರೆ, ಹೊರಡಿ.